ಹಲಸಿನ ಕುಂಟೆ, ಮ್ಯಾಕ್ರೋ ಲೆನ್ಸು

ಜೂನ್ 22, 2025, ಭಾನುವಾರ
ಶಿರಸಿ

ಪಕ್ಕದ ಮನೆಯೋರ ಬೆಟ್ಟದಲ್ಲಿ ಗಾಳಿಗೆ ಬಿದ್ದಿದ್ದ ಹಲಸಿನ ಮರಕ್ಕೆ ಇವತ್ತು ಮಷಿನ್ ಹಾಕ್ತಾರೆ ಅಂತ ಗೊತ್ತಾಗಿದ್ದೇ ದೋಸೆ ಅರ್ಧಕ್ಕೆ ಬಿಟ್ಟು ಕ್ಯಾಮೆರಾ ತಗೊಂಡು ಓಡಿದೆ, ಯಾಕಂದ್ರೆ ಹಲಸಿನ ಹಳದಿ ನಮಗೋಸ್ಕರ ಕಾಯ್ತಾ ಕೂರಲ್ಲ. ಕೊಯ್ದಾಗ ಚೇಗು, ಅಂದ್ರೆ ಮರದೊಳಗಿನ ಗಟ್ಟಿ ತಿರುಳು, ಝಗ್ ಅಂತಿರುತ್ತೆ, ಗಾಳಿ ಬೆಳಕು ತಾಗ್ತಾ ತಾಗ್ತಾ ಕಂದಾಗಿಹೋಗುತ್ತೆ. ನಮ್ಮನೆ ಹಳೇ ಬಾಗಿಲು ಹಲಸಿಂದು, ಅದೂ ಒಂದು ಕಾಲಕ್ಕೆ ಹಳದಿ ಇತ್ತು ಅಂದ್ರೆ ಯಾರೂ ನಂಬಲ್ಲ. ಆ ಹಳದಿ ಮೊರಿನ್ ಅನ್ನೋ ಬಣ್ಣದ್ದು. ಮ್ಯಾನ್ಮಾರ್, ಥಾಯ್ಲೆಂಡ್ ಕಡೆ ಬೌದ್ಧ ಭಿಕ್ಷುಗಳ ಬಟ್ಟೆಗೆ ಹಾಕ್ತಿದ್ದಿದ್ದೂ ಇದೇ ಚೇಗು ಬೇಯಿಸಿ ತೆಗೆದ ಬಣ್ಣ.

ಫ್ರೇಮ್ ಪೂರ್ತಿ ಹಳದಿನೇ ಇದ್ರೆ ಬೆಳಕಿಗೆ ತಕ್ಕಂಗೆ ಬಣ್ಣ ಹೊಂದಿಸೋ ಕ್ಯಾಮೆರಾದ ಆಟೋ ವೈಟ್ ಬ್ಯಾಲೆನ್ಸ್ ಅದನ್ನ ಸರಿಮಾಡ್ತೀನಿ ಅಂತ ಹೋಗಿ ಸಪ್ಪೆ ಮಾಡಿಬಿಡುತ್ತೆ, ಹಾಗಾಗಿ ಮೊದಲೇ ಅದನ್ನ ಕ್ಲೌಡಿ, ಅಂದ್ರೆ ಮೋಡದ ಬೆಳಕಿನ ಸೆಟ್ಟಿಂಗಿಗೆ ಇಟ್ಕೊಂಡಿದ್ದೆ.

ಕಡಿದ ಮರದ ಫೋಟೋ ಅಂದ್ರೆ ಎಲ್ಲರಿಗೂ ಉಂಗುರನೇ ಬೇಕು. ನಂಗದು ಬೋರು, ಅದೂ ಅಲ್ದೆ ಸಾಗವಾನಿಯಲ್ಲಿ ಕಂಡಷ್ಟು ಸ್ಪಷ್ಟವಾಗಿ ಹಲಸಲ್ಲಿ, ಮಾವಲ್ಲಿ ವರ್ಷದ ಉಂಗುರ ಕಾಣೋದೂ ಇಲ್ಲ. ನಾನು ಹುಡುಕೋದು ಗರಗಸದ ಗೀರು. ಸಾಮಿಲ್ಲಿನ ಬ್ಯಾಂಡ್ ಸಾ ಆದ್ರೆ ಒಂದೇ ಸಮ ನೆಟ್ಟಗಿನ ಗೆರೆ, ರೌಂಡ್ ಬ್ಲೇಡಾದ್ರೆ ಬಾಗಿದ ಗೆರೆ, ಆದ್ರೆ ಚೈನ್ ಮಷಿನ್ ಮನುಷ್ಯನ ಕೈಯಲ್ಲಿ ಇರೋದಲ್ವಾ, ಕೈ ಓರೆಯಾದಲ್ಲಿ ಗೀರೂ ದಿಕ್ಕು ಬದಲಿಸುತ್ತೆ, ಅಲ್ಲೇ ಮಜಾ ಇರೋದು. ಮಳೆಗಾಲದ ಮೋಡದ ಬೆಳಕಲ್ಲಿ ಬಣ್ಣ ಚೆನ್ನಾಗಿ ಬರುತ್ತೆ, ಗೀರು ಮಾತ್ರ ಏಳಲ್ಲ, ಅದಕ್ಕೆ ಸಣ್ಣ ಎಲ್‌ಇಡಿ ಲೈಟನ್ನ ಕುಂಟೆ (ಕೊಯ್ದ ಮರದ ತುಂಡು) ಪಕ್ಕದಿಂದ ಮೇಲ್ಮೈಗೆ ಸವರಿ ಹೋಗೋ ಹಾಗೆ ಇಡೋದು. ಮ್ಯಾಕ್ರೋ ಲೆನ್ಸಲ್ಲಿ ಇಷ್ಟು ಹತ್ರ ಹೋದ್ಮೇಲೆ ಲೆನ್ಸಿನ ಕಿಂಡಿ ಸಣ್ಣ ಮಾಡಿ ಎಫ್ 11 ಇಟ್ರೂ ಫೋಕಸ್ ಸಿಗೋದು ಒಂದು ಮಿಲಿಮೀಟರ್ ಚಿಲ್ಲರೆ, ಕ್ಯಾಮೆರಾ ಕುಂಟೆಯ ಮುಖಕ್ಕೆ ಸರಿ ಎದುರು ನಿಲ್ಲಲೇಬೇಕು. ಒದ್ದೆ ಜಾಗದ ಹೊಳಪು ಕಡಿಮೆ ಮಾಡೋಕೆ ಪೋಲರೈಸರ್ ಫಿಲ್ಟರ್. ತೊಗಟೆ ಅಂಚಲ್ಲಿ ಸೊನೆ ಬಿಳಿ ಬಿಳಿಯಾಗಿ ಒಸರ್ತಾ ಇತ್ತು, ಅದನ್ನೂ ತೆಗೆದೆ, ಲೆನ್ಸಿಗೆ ತಾಗಿಸ್ಕೊಳ್ಳದೆ!

ಮಷಿನಿನ ಅಣ್ಣ ಬೀಡಿ ಹಚ್ಚಿ, "ತಮಾ, ಮರ ನಿಂತಿದ್ದಾಗ ತೆಗಿಯೂದ್ ಬಿಟ್ಟು ಈಗ ಎಂತ ಫೋಟೋ?" ಅಂದ್ರು. ಸ್ಕ್ರೀನ್ ತೋರಿಸಿದೆ. ಹೂಡಿದ ಗದ್ದೆನ ಮೇಲಿಂದ ನೋಡಿದಂಗೆ ಇದೆ ಅಂತ ಅಂದ್ಕೊಂಡಿದ್ದೆ ನಾನು, ಅವ್ರಿಗೆ ಹಂಗೇನೂ ಕಾಣ್ಲಿಲ್ಲ. ಬೆರಳಿಟ್ಟು, "ಇಲ್ಲಿ ಚೈನ್ ಮೊಂಡಾಗಿತ್ತು, ನಾರು ಎದ್ದಿದ್ದು ನೋಡು, ಇಲ್ಲಿಂದ ಆಚೆ ಅರ ಹಾಕಿ ಕೊಯ್ದಿದ್ದು" ಅಂದ್ರು. ಅಬ್‌ಸ್ಟ್ರಾಕ್ಟ್ ಅಂತ ನಾನು ಹಿಗ್ತಾ ಇದ್ದ ಫೋಟೋನ ಅವ್ರು ಸಲೀಸಾಗಿ ಓದಿಬಿಟ್ರು. ಆಮೇಲೆ ಅವ್ರು ಹೇಳಿದ ಕಡೆನೇ ಲೈಟ್ ಇಟ್ಟು ತೆಗೆದಿದ್ದು ಇವತ್ತಿನ ಬೆಸ್ಟ್.

ಮುಂದಿನದು ಗಾಳಿಮರ. 1868ರ ಹೊತ್ತಿಗೆ ಕಾರವಾರದ ಮರಳಲ್ಲಿ ಅದನ್ನ ನೆಡೋಕೆ ಶುರುಮಾಡಿದ್ದು ಉರುವಲಿಗೆ ಅಂತೆ. ಅಡ್ಡ ಕೊಯ್ದ್ರೆ ಒಳಗೆ ಕೆಂಪು, ನಡುವಿಂದ ಅಂಚಿಗೆ ಹೋಗೋ ತೆಳು ಗೆರೆಗಳು ಬರಿಗಣ್ಣಿಗೇ ಕಾಣುತ್ವೆ. ಒಣಗ್ತಾ ಮರ ಸುತ್ತಳತೆಯಲ್ಲೇ ಜಾಸ್ತಿ ಕುಗ್ಗೋದ್ರಿಂದ ಆ ಗೆರೆಗಳ ಗುಂಟನೇ ಒಡಕು ಬೀಳುತ್ತೆ, ಅದಕ್ಕೆ ಮುಂಚೆ ಹೋಗಬೇಕು. ಕಾರವಾರದ ಅಕ್ಕನಿಗೆ ಫೋನ್ ಮಾಡಿ ಕಟ್ಟಿಗೆ ಲೋಡು ಯಾವಾಗ ಇಳಿಯುತ್ತೆ ಅಂತ ಕೇಳಬೇಕು.