ಆರ್‌ಸಿಯಲ್ಲಿ ಬರೆದ ಎರಡು ತೂಕಗಳು

ನಮ್ಮ ಸಿಮೆಂಟ್ ಬ್ಲಾಕ್ ತಯಾರಿಕೆಗೆ ಇನ್ನೂ ದೊಡ್ಡದೊಂದು ಲಾರಿ ಕೊಳ್ಳಬೇಕೇ ಎಂದು ಮನೆಯಲ್ಲಿ ಚರ್ಚೆ ನಡೆದಾಗ ಬೆಲೆ, ಮೈಲೇಜಿನ ಮಾತು ಬೇಗ ಮುಗಿಯಿತು. ಉಳಿದ ಹೊತ್ತೆಲ್ಲ ಗಾಡಿಯ ನೋಂದಣಿ ಪತ್ರವಾದ ಆರ್‌ಸಿಯಲ್ಲಿರುವ ಎರಡು ತೂಕಗಳ ಲೆಕ್ಕಕ್ಕೇ ಹೋಯಿತು. ಒಂದು ಖಾಲಿ ಗಾಡಿಯ ತೂಕ, ಇನ್ನೊಂದು ಲೋಡ್ ತುಂಬಿದ ಮೇಲೆ ಮೀರಬಾರದ ಒಟ್ಟು ತೂಕ. ಎಷ್ಟು ಟನ್ನಿನ ಗಾಡಿ ಎಂದು ಕೇಳಿದರೆ ನಮ್ಮ ಕಡೆಯವರು ಹೇಳುವುದು ಅದು ಹೊರುವ ಸರಕಿನ ತೂಕವನ್ನು. ಕಾನೂನು ಹಿಡಿಯುವುದಾದರೋ ಗಾಡಿ, ಡೀಸೆಲ್, ಡ್ರೈವರ್, ಕ್ಲೀನರ್, ಸರಕು ಎಲ್ಲವೂ ಸೇರಿದ ತೂಕವನ್ನು.

1988ರ ಮೋಟಾರು ವಾಹನ ಕಾಯ್ದೆಯಲ್ಲಿ ಲಘು ವಾಹನದ ಮಿತಿ 7,500 ಕೆಜಿ. ಮಾರುಕಟ್ಟೆಯಲ್ಲಿರುವ ಹಲವು ಮಧ್ಯಮ ಗಾತ್ರದ ಲಾರಿಗಳ ಒಟ್ಟು ತೂಕ ಸರಿಯಾಗಿ 7,490 ಕೆಜಿ ಎಂದು ಏಕಿರುತ್ತದೆ ಎಂಬುದು ನನಗೆ ಅರ್ಥವಾದದ್ದು ಇದನ್ನು ಓದಿದ ಮೇಲೆ. 1994ರ ತಿದ್ದುಪಡಿಯು ಮಧ್ಯಮ, ಭಾರಿ ಎಂಬ ಲೈಸೆನ್ಸಿನ ಹಳೆಯ ವರ್ಗಗಳನ್ನು ತೆಗೆದು ‘ಸಾರಿಗೆ ವಾಹನ’ ಎಂಬ ಒಂದೇ ವರ್ಗ ಮಾಡಿದಾಗ, ಕಾರಿನ ಲೈಸೆನ್ಸ್ ಇದ್ದವನು ಹಳದಿ ಬೋರ್ಡಿನ ಸಣ್ಣ ಲಾರಿ ಓಡಿಸಬಹುದೇ ಎಂಬ ಪ್ರಶ್ನೆ ಎದ್ದಿತು. ಅಪಘಾತವಾದಾಗ ವಿಮಾ ಕಂಪನಿಗಳು ಇದನ್ನೇ ಹಿಡಿದು ಪರಿಹಾರದ ಹೊಣೆಯಿಂದ ಜಾರಿಕೊಳ್ಳಲು ನೋಡುತ್ತಿದ್ದವು. ಓಡಿಸಬಹುದು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು; 2024ರ ನವೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಅದನ್ನೇ ಎತ್ತಿಹಿಡಿಯಿತು. ಒಟ್ಟು ತೂಕ 7,500 ಕೆಜಿಯೊಳಗಿದ್ದರೆ ಬೇರೆ ಅನುಮತಿ ಬೇಕಿಲ್ಲ. ಅಪಾಯಕಾರಿ ಸರಕಿನ ಗಾಡಿಗಳಂಥ ಕೆಲವಕ್ಕೆ ಪ್ರತ್ಯೇಕ ನಿಯಮಗಳಿವೆ.

ಆ ಗೆರೆ ದಾಟಿದರೆ ಸಾರಿಗೆ ವಾಹನದ ಲೈಸೆನ್ಸ್ ಬೇಕು. ಅದಕ್ಕೆ ಇಪ್ಪತ್ತು ವರ್ಷ ತುಂಬಿರಬೇಕು, ಎಲ್‌ಎಲ್ (ಕಲಿಕೆಯ ಲೈಸೆನ್ಸ್) ಮಾಡಿಸುವ ಮುಂಚೆ ಲಘು ವಾಹನದ ಲೈಸೆನ್ಸ್ ಪಡೆದು ಒಂದು ವರ್ಷ ಕಳೆದಿರಬೇಕು, ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ನಮ್ಮ ಈಗಿನ ಡ್ರೈವರ್ ಬಳಿ ಇರುವುದು ಲಘು ವಾಹನದ ಲೈಸೆನ್ಸ್ ಮಾತ್ರ. ಹಾಗಾಗಿ ದೊಡ್ಡ ಲಾರಿ ಎಂದರೆ ಹೊಸ ಡ್ರೈವರ್ ಎಂದೂ ಅರ್ಥ.

ದೊಡ್ಡ ಲಾರಿಗಳಲ್ಲಿ ಒಟ್ಟು ತೂಕದ ಜೊತೆಗೆ ಚಕ್ರಗಳನ್ನು ಜೋಡಿಸುವ ಪ್ರತಿ ಅಚ್ಚಿಗೂ, ಅಂದರೆ ಆಕ್ಸಲ್‌ಗೂ ಮಿತಿಯಿದೆ. ನಾಲ್ಕು ಟೈರಿನ ಒಂಟಿ ಆಕ್ಸಲ್ ಮೇಲಿನ ಮಿತಿಯನ್ನು 2018ರ ಜುಲೈನಲ್ಲಿ ಕೇಂದ್ರ ಸರ್ಕಾರ 10.2 ಟನ್ನಿನಿಂದ 11.5 ಟನ್ನಿಗೆ ಏರಿಸಿತು. ಇಷ್ಟು ಏರಿದ ಮೇಲೂ ಲಾರಿಗಳು ಓವರ್‌ಲೋಡ್ ಆಗಿಯೇ ಓಡುತ್ತವೆ ಎಂಬುದನ್ನು ಜಲ್ಲಿ ಕ್ರಷರ್ ಇರುವ ಯಾವ ಊರಿನ ರಸ್ತೆಯೂ ಹೇಳುತ್ತದೆ. ರಸ್ತೆಗಾಗುವ ಹಾನಿ ಆಕ್ಸಲ್ ತೂಕದ ಸುಮಾರು ನಾಲ್ಕನೆಯ ಘಾತದಂತೆ ಏರುತ್ತದೆ ಎಂಬುದು ರಸ್ತೆ ಎಂಜಿನಿಯರುಗಳ ಹಳೆಯ ಲೆಕ್ಕ, ಅದರಂತೆ 11.5 ಟನ್ನಿನ ಆಕ್ಸಲ್ ಮೇಲೆ 15 ಟನ್ ಹೇರಿದರೆ ಹಾನಿ ಹೆಚ್ಚುಕಡಿಮೆ ಮೂರು ಪಟ್ಟು.

ದಂಡದ ಮಾತು ಬಂದಾಗಲೆಲ್ಲ ಅದು ಡ್ರೈವರ್ ತಲೆಗೆ ಎಂದು ಮಾಲೀಕರು ಕೈತೊಳೆದುಕೊಳ್ಳುವುದನ್ನು ಬಹಳ ಕಂಡಿದ್ದೇನೆ. ಕಾಯ್ದೆಯ 113ನೇ ಕಲಂ ಹಾಗೆ ಹೇಳುವುದಿಲ್ಲ: ಓಡಿಸಿದವನು ಮಾಲೀಕನಲ್ಲದಿದ್ದರೆ, ತಪ್ಪು ಮಾಲೀಕನಿಗೆ ತಿಳಿದೇ ನಡೆದಿದೆ ಎಂದು ನ್ಯಾಯಾಲಯ ಭಾವಿಸಬಹುದು. 2019ರ ತಿದ್ದುಪಡಿಯ ನಂತರ ಕಾಯ್ದೆಯಲ್ಲಿ ಓವರ್‌ಲೋಡಿಗೆ 20,000 ರೂಪಾಯಿ, ಅದರ ಮೇಲೆ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ ದಂಡವಿದೆ. ತೂಕ ಹಾಕಿಸಲು ನಿಲ್ಲಿಸದೆ ಹೋದರೆ 40,000. ಹೆಚ್ಚಿನ ಸರಕನ್ನು ಇಳಿಸಿದ ಮೇಲೆಯೇ ಗಾಡಿ ಮುಂದೆ ಹೋಗಬೇಕು, ಇಳಿಸುವ ಖರ್ಚೂ ನಮ್ಮದೇ.

ಇದನ್ನೆಲ್ಲ ಓದಿದ ಮೇಲೆ ನಮ್ಮ ಈಗಿನ ಗಾಡಿಯನ್ನೇ ವೇ ಬ್ರಿಡ್ಜಿಗೆ ಕೊಂಡೊಯ್ದೆ. ಅದರ ಒಟ್ಟು ತೂಕದ ಮಿತಿ 7,490 ಕೆಜಿ. ಖಾಲಿ ಗಾಡಿ ಮತ್ತು ಆಳುಗಳ ತೂಕ ಕಳೆದರೆ ಸರಕಿಗೆ ಉಳಿಯುವುದು ಸುಮಾರು 4,000 ಕೆಜಿ. ನಮ್ಮ ಎಂಟಿಂಚಿನ ಸಾಲಿಡ್ ಬ್ಲಾಕ್ ಒಣಗಿದ್ದಾಗ 32 ಕೆಜಿ, ಕ್ಯೂರಿಂಗ್ ನೀರು ಕುಡಿದಿದ್ದಾಗ 34 ಕೆಜಿ ತೂಗುತ್ತದೆ. ಒಂದು ಲೋಡಿಗೆ ನೂರೈವತ್ತು ಎಂಬ ಲೆಕ್ಕ ನಮ್ಮಲ್ಲಿ ಅಪ್ಪನ ಕಾಲದಿಂದ ನಡೆದುಬಂದಿತ್ತು, ಅಂದರೆ ಒಣ ಬ್ಲಾಕಿನಲ್ಲೇ 800 ಕೆಜಿ ಹೆಚ್ಚು. ಈಗ ಶೆಡ್ಡಿನ ಗೋಡೆಯ ಮೇಲೆ ಸುಣ್ಣದಲ್ಲಿ ಬರೆಸಿದ್ದೇನೆ: ಒಣ ಬ್ಲಾಕ್ 125, ಹಸಿ ಬ್ಲಾಕ್ 117. ದೊಡ್ಡ ಲಾರಿಯ ತೀರ್ಮಾನ ಈ ಮಳೆಗಾಲ ಮುಗಿದ ಮೇಲೆ.