ಮಾಸ್ಟರ್ ಪ್ಲಾನ್ ಡೈರಿ: ಹಳದಿ ಬಣ್ಣದಡಿ ಸಿಕ್ಕ ಕೋಡಿ ಹಳ್ಳ

ಊರಿನ ಯಾವ ಜಾಗ ಯಾವ ಬಳಕೆಗೆ ಅಂತ ಗೊತ್ತು ಮಾಡುವ ಪರಿಷ್ಕೃತ ಮಾಸ್ಟರ್ ಪ್ಲಾನ್ ಕರಡು ಹೊರಬಿದ್ದು ತಿಂಗಳು ದಾಟಿತು. ಆಕ್ಷೇಪಣೆ, ಸಲಹೆ ಕೊಡಲು ಕಾಯ್ದೆಯಲ್ಲಿ ಇರುವುದು 60 ದಿನ. ಅರ್ಧ ಹೋಯ್ತು. ಹಾಗಾಗಿ ಈ ಸಲದ ಬರಹದಲ್ಲಿ ಕೆಲಸ ಎಲ್ಲಿಗೆ ಬಂತು ಅಂತ ಹೇಳುವುದರ ಜೊತೆಗೆ ನಿಮ್ಮಿಂದ ಏನು ಬೇಕು ಅಂತ ಕೇಳುವುದೂ ಇದೆ.

ಹೊಸದಾಗಿ ಓದುವವರಿಗೆ ಎರಡು ಮಾತು. ನಮ್ಮದು ಹಾಸನ ಜಿಲ್ಲೆಯ ಒಂದು ಸಣ್ಣ ಪಟ್ಟಣ. ಊರ ಹೆಸರು ಬೇಕಂತಲೇ ಬರೆಯುತ್ತಿಲ್ಲ. ಹಳ್ಳ, ಲೇಔಟ್ ಅಂದ ಕೂಡಲೇ ಯಾರ ಜಮೀನು ಅಂತ ಎಲ್ಲರಿಗೂ ಗೊತ್ತಾಗುತ್ತದೆ. ಬೆಳಗ್ಗೆ ಎದ್ದು ಟೀ ಅಂಗಡಿಯಲ್ಲಿ ಅವರದೇ ಮುಖ ನೋಡಬೇಕಲ್ಲ. ನನ್ನದು ತಾಲ್ಲೂಕು ಕಚೇರಿ ಹತ್ತಿರ ಜೆರಾಕ್ಸ್, ಡಿಟಿಪಿ ಅಂಗಡಿ. ಪಹಣಿ, ಪೋಡಿ ಅರ್ಜಿ, ಇ-ಖಾತೆ, ದಿನವಿಡೀ ಇದೇ ಕೆಲಸ. ಜೊತೆಗೆ ಒಬ್ಬ ಲೈಸೆನ್ಸ್ ಸರ್ವೇಯರ್, ರಿಟೈರ್ ಆದ ಭೂಗೋಳದ ಮೇಷ್ಟ್ರು, ಇಂಜಿನಿಯರಿಂಗ್ ಓದುತ್ತಿರುವ ನನ್ನ ತಂಗಿ ಮಗಳು ಇದ್ದಾರೆ. ಸಂಘ ಅಲ್ಲ, ಲೆಟರ್‌ಹೆಡ್ಡೂ ಇಲ್ಲ.

ಬಣ್ಣದ ಲೆಕ್ಕ

ಕರಡು ಅಂದರೆ ಒಂದು ದೊಡ್ಡ ಬಣ್ಣದ ನಕಾಶೆ, ಒಂದು ವರದಿ, ಒಂದು ವಲಯ ನಿಯಮಾವಳಿ. ವರದಿಯನ್ನು ಯಾರೂ ಓದುವುದಿಲ್ಲ. ಗೋಡೆಗೆ ಹಾಕಿರುವ ನಕಾಶೆ ಮುಂದೆ ಮಾತ್ರ ಯಾವಾಗಲೂ ಜನ. ಎಲ್ಲರೂ ಮೊದಲು ಹುಡುಕುವುದು ತಮ್ಮ ಜಮೀನು ಯಾವ ಬಣ್ಣದಲ್ಲಿದೆ ಅಂತ. ಹಳದಿ ವಸತಿ, ನೀಲಿ ವಾಣಿಜ್ಯ, ನೇರಳೆ ಕೈಗಾರಿಕೆ, ಕೆಂಪು ಶಾಲೆ, ಆಸ್ಪತ್ರೆ, ಕಚೇರಿ, ಹಸಿರು ಪಾರ್ಕು, ತಿಳಿ ಹಸಿರು ಕೃಷಿ.

ಬಣ್ಣ ಅಂದರೆ ದುಡ್ಡು. ಹಳದಿಯೊಳಗೆ ಬಿದ್ದ ಹೊಲಕ್ಕೆ ಭೂ ಪರಿವರ್ತನೆ ಸಲೀಸು. ಕೃಷಿ ವಲಯದಲ್ಲೇ ಉಳಿದರೆ ಮೊದಲು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಸೆಕ್ಷನ್ 14-ಎ ಅಡಿ ಬಳಕೆ ಬದಲಾಯಿಸಿಕೊಳ್ಳಬೇಕು. ಅದಕ್ಕೆ ಬೇರೆ ಅರ್ಜಿ, ಬೇರೆ ಪ್ರಕಟಣೆ, ಬೇರೆ ಓಡಾಟ. ಅದಕ್ಕೇ ನಕಾಶೆ ಮುಂದೆ ನಿಂತವರಲ್ಲಿ ‘ನಮ್ಮದು ಯಾಕೆ ಹಳದಿ ಆಯ್ತು’ ಅಂತ ಕೇಳುವವರು ಒಬ್ಬರೂ ಇಲ್ಲ. ‘ನಮ್ಮದು ಯಾಕೆ ಆಗಲಿಲ್ಲ’ ಅನ್ನುವವರೇ ಎಲ್ಲ.

ನಕಾಶೆ ಮೇಲೆ ನಕಾಶೆ

ಹೋದ ಸಲ ಹೇಳಿದ ಹಾಗೆ, ನಮ್ಮ ಕೆಲಸ ಸರಳ. ಕಂದಾಯ ಇಲಾಖೆಯ ಹಳೇ ಗ್ರಾಮ ನಕಾಶೆಯ ಮೇಲೆ ಕರಡಿನ ಬಣ್ಣವನ್ನು ಇಟ್ಟು ನೋಡುವುದು. ಎಲ್ಲಿ ಹಳ್ಳ, ಬಂಡಿದಾರಿ, ಗುಂಡುತೋಪಿನ (ಊರಿಗೆ ಸೇರಿದ ಮರಗಳ ತೋಪು) ಮೇಲೆ ಹಳದಿ ಕೂತಿದೆಯೋ ಅದನ್ನು ಪಟ್ಟಿ ಮಾಡುವುದು.

ಗ್ರಾಮ ನಕಾಶೆಯ ಪಿಡಿಎಫ್ ಇಲಾಖೆಯ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ. ಕಂಪ್ಯೂಟರಿನಲ್ಲಿ ನಕಾಶೆ ಕೆಲಸ ಮಾಡುವ ಕ್ಯೂಜಿಐಎಸ್ ತಂತ್ರಾಂಶವೂ ಪುಕ್ಕಟೆ. ಕಷ್ಟ ಇರುವುದು ಒಂದರ ಮೇಲೊಂದು ಕೂರಿಸುವುದರಲ್ಲಿ. ನಮ್ಮ ಗ್ರಾಮ ನಕಾಶೆಯ ಅಳತೆ 1:7920. ಅಂದರೆ ಒಂದು ಇಂಚಿಗೆ 10 ಚೈನು, 660 ಅಡಿ. ಕಾಗದದ ಮೇಲಿನ 1 ಮಿಲಿಮೀಟರ್ ನೆಲದಲ್ಲಿ ಹತ್ತಿರ ಹತ್ತಿರ 8 ಮೀಟರ್. ಸ್ವಲ್ಪ ದಪ್ಪ ನಿಬ್ಬಿನಲ್ಲಿ ಹಳ್ಳದ ಗೆರೆ ಎಳೆದಿದ್ದರೆ ಆ ಗೆರೆಯೊಳಗೇ ಒಂದು ಸೈಟ್ ಅಗಲ ಅಡಗಿರುತ್ತದೆ. ಸಾಲದ್ದಕ್ಕೆ, ಸ್ಕ್ಯಾನ್ ಮಾಡುವ ಹೊತ್ತಿಗೆ ಮೂಲ ಕಾಗದವೇ ಒದ್ದೆಯಾಗಿ ಒಣಗಿದ ಹಪ್ಪಳದ ಹಾಗೆ ಒಂದು ಮೂಲೆಗೆ ಸುರುಟಿಕೊಂಡಿತ್ತು ಅಂತ ಕಾಣುತ್ತದೆ. ಉತ್ತರದ ಕಡೆ ಕೂತರೆ ದಕ್ಷಿಣದ ಕಡೆ ಜಾರುತ್ತಿತ್ತು.

ಪರಿಹಾರ ಕೊಟ್ಟಿದ್ದು ಸರ್ವೇಯರ್. ರಸ್ತೆ, ಕಟ್ಟಡ ನಂಬಬೇಡಿ, ಅವು ಜರುಗುತ್ತವೆ, ಮೂರು ಗ್ರಾಮಗಳ ಗಡಿ ಸೇರುವ ಕಲ್ಲು ಹಿಡಿಯಿರಿ ಅಂದರು. ಆ ಕಲ್ಲುಗಳನ್ನು ಹುಡುಕಿ, ಜಿಪಿಎಸ್ ಹಿಡಿದು ಗುರುತು ಹಾಕಿಕೊಂಡೆವು. ಒಂದು ಕಲ್ಲು ಲಂಟಾನ ಪೊದೆಯೊಳಗಿತ್ತು. ಇನ್ನೊಂದಕ್ಕೆ ಅರಿಶಿನ ಕುಂಕುಮ ಹಚ್ಚಿದ್ದರು, ಹಾಗಾಗಿ ಭದ್ರವಾಗಿತ್ತು. ಇವುಗಳ ಜೊತೆ ಕೆರೆ ಏರಿಯ ಎರಡು ತುದಿ, ಹಳೇ ತೂಬು ಸೇರಿಸಿದ ಮೇಲೆ ನಕಾಶೆ ಕೂತಿತು. ಈಗ ಹೆಚ್ಚುಕಡಿಮೆ ನಾಲ್ಕೈದು ಮೀಟರ್ ವ್ಯತ್ಯಾಸ ಇದೆ. ಬೇಲಿ ಜಗಳಕ್ಕೆ ಇದು ಸಾಲದು. ಹಳ್ಳ ಯಾವ ಸರ್ವೆ ನಂಬರಿನಲ್ಲಿ ಹೋಗುತ್ತದೆ ಅಂತ ಹೇಳಲು ಧಾರಾಳ ಸಾಕು.

ದಿಶಾಂಕ್ ಆ್ಯಪ್ ಇದ್ದ ಮೇಲೆ ಇಷ್ಟೆಲ್ಲ ಯಾಕೆ ಅಂತ ಕೆಲವರು ಕೇಳಿದರು. ನಿಂತ ಜಾಗದ ಸರ್ವೆ ನಂಬರ್ ನೋಡಲು ಅದು ಬಹಳ ಚೆನ್ನಾಗಿದೆ, ನಾವೂ ದಿನಾ ಬಳಸುತ್ತೇವೆ. ಆದರೆ ಕರಡಿನ ಬಣ್ಣ ಅದರಲ್ಲಿ ಬರುವುದಿಲ್ಲವಲ್ಲ.

ಕೋಡಿ ಹಳ್ಳ

ನಕಾಶೆ ಕೂತ ದಿನವೇ ಕಣ್ಣಿಗೆ ಬಿದ್ದಿದ್ದು ಇದು. ದೊಡ್ಡ ಕೆರೆ ತುಂಬಿದಾಗ ಹೆಚ್ಚಿನ ನೀರು ಹೊರಗೆ ಹೋಗುವ ಕೋಡಿಯಿಂದ ಹೊರಟ ಹಳ್ಳ ಊರಿನ ಪೂರ್ವಕ್ಕೆ ಸುತ್ತಿ ಕೆಳಗಿನ ಕೆರೆಗೆ ಸೇರುತ್ತದೆ. ಗ್ರಾಮ ನಕಾಶೆಯಲ್ಲಿ ಈ ಗೆರೆ ಎಲ್ಲೂ ತುಂಡಾಗಿಲ್ಲ. ಕರಡಿನಲ್ಲಿ ಕೋಡಿಯ ಹತ್ತಿರ ನೀಲಿ ಗೆರೆ ಇದೆ, ಕೆಳಗಿನ ಕೆರೆ ಹತ್ತಿರ ಮತ್ತೆ ಇದೆ. ನಡುವೆ ಬರೀ ಹಳದಿ.

ಪಹಣಿ ತೆಗೆದೆವು. ಪಹಣಿಯ ಮೂರನೇ ಕಾಲಂ ಯಾರೂ ಓದುವುದಿಲ್ಲ. ಎಲ್ಲರ ಕಣ್ಣು ಹೋಗುವುದು ಹೆಸರಿರುವ ಒಂಬತ್ತಕ್ಕೆ. ಮೂರರಲ್ಲಿ ಒಟ್ಟು ವಿಸ್ತೀರ್ಣ, ಫೂಟ್ ಖರಾಬು ಅ, ಫೂಟ್ ಖರಾಬು ಬ ಅಂತ ಬರುತ್ತದೆ. ಅ ಖರಾಬು ಅಂದರೆ ಬಂಡೆಯಂಥ ಸಾಗುವಳಿಗೆ ಬಾರದ ಜಾಗ, ಅದು ಹಿಡುವಳಿದಾರನದೇ. ಬ ಖರಾಬು ದಾರಿ, ಹಳ್ಳ, ಕಾಲುವೆ ಅಂತ ಸಾರ್ವಜನಿಕರಿಗೆ ಬಿಟ್ಟಿದ್ದು. ಆ ಹಳದಿಯೊಳಗಿನ ಒಂದು ಸರ್ವೆ ನಂಬರಿನಲ್ಲಿ ಬ ಖರಾಬು 6 ಗುಂಟೆ ಇದೆ. ಗುಂಟೆಗೆ 1089 ಚದರ ಅಡಿ, ಒಟ್ಟು 6534. ಆ ಹೊಲದೊಳಗೆ ಹಳ್ಳದ ಉದ್ದ ನಕಾಶೆಯ ಮೇಲೆ ಅಳೆದರೆ 400 ಅಡಿ ಆಸುಪಾಸು. ಭಾಗಿಸಿದರೆ ಅಗಲ 16 ಅಡಿ ಚಿಲ್ಲರೆ. ಈಗ ಅಲ್ಲಿ ಲೇಔಟ್ ಇದೆ. ಸುಣ್ಣ ಹೊಡೆದ ಸೈಟ್ ಕಲ್ಲುಗಳು, ಒಂದು ಕಡೆ 2 ಅಡಿ ಅಗಲದ ಸಿಮೆಂಟ್ ಚರಂಡಿ. 16 ಅಡಿಯಲ್ಲಿ ಹರಿಯುತ್ತಿದ್ದ ಕೋಡಿ ನೀರು 2 ಅಡಿಯಲ್ಲಿ ಹೋಗಬೇಕಂತೆ!

ಕಾಗದ ಮಾತ್ರ ಸಾಲದು ಅಂತ ಜಾಗಕ್ಕೆ ಹೋದೆವು. ಪಕ್ಕದ ಹೊಲದಲ್ಲಿ ಜೋಳಕ್ಕೆ ಗೊಬ್ಬರ ಹಾಕುತ್ತಿದ್ದ ಹಿರಿಯರೊಬ್ಬರು ಬಂದರು. ಮೇಷ್ಟ್ರ ಗುರುತು ಸಿಕ್ಕಿತು, ಮಾತು ಶುರುವಾಯಿತು.

“ಇಲ್ಲಿ ಹಳ್ಳ ಎಲ್ಲಿ ಹೋಗ್ತಿತ್ತು ಗೌಡ್ರೆ?”

“ಅಗೋ ಆ ಹೊಂಗೆ ಮರ ಕಾಣ್ತದಲ್ಲ ಮೇಷ್ಟ್ರೇ, ಅದುರ ಬುಡದಲ್ಲೇ. ಅಲ್ಲಿ ದನ ತೊಳೀತಿದ್ದೊ. ಗಾಡಿ ದಾಟಕ್ಕೆ ಕಲ್ಲು ಚಪ್ಪಡಿ ಹಾಕಿದ್ರು. ಮಣ್ಣು ಹೊಡ್ಸಿ ಮುಚ್ಚವ್ರೆ ಈಗ.”

ಗುದ್ದಲಿ ಅವರೇ ಕೊಟ್ಟರು. ಮರದಿಂದ ಎರಡು ಮಾರು ದೂರದಲ್ಲಿ ಸ್ವಲ್ಪ ಕೆದಕಿದ್ದಕ್ಕೇ ಠಣ್ ಅಂತು. ಮಣ್ಣು ಸರಿಸಿದರೆ ಕಪ್ಪು ಕಲ್ಲಿನ ಚಪ್ಪಡಿ. ಅದರ ಅಂಚಿನಲ್ಲಿ ಬಂಡಿ ಚಕ್ರ ಸವೆಸಿದ ಎರಡು ಗೀರು. ಪಕ್ಕಕ್ಕೆ ಟೇಪ್ ಹಿಡಿದು ಫೋಟೋ ತೆಗೆದೆವು. ಜಿಪಿಎಸ್ ಗುರುತು ನಕಾಶೆಯ ಹಳ್ಳದ ಗೆರೆಯ ಮೇಲೇ ಬಂತು. ಹೀಗೆ ಬರುತ್ತದೆ ಅಂತ ಸರ್ವೇಯರ್ ಕೂಡ ಅಂದುಕೊಂಡಿರಲಿಲ್ಲ.

ಆಕ್ಷೇಪಣೆಯಲ್ಲಿ ‘ಹಳ್ಳದ ಎರಡೂ ಕಡೆ 75 ಮೀಟರ್ ಬಿಡಿಸಿ’ ಅಂತ ಬರೆಯಿರಿ ಎಂದು ತುಂಬ ಜನ ಹೇಳುತ್ತಿದ್ದಾರೆ. ಆ 75 ಮೀಟರ್ ಹಸಿರು ನ್ಯಾಯಮಂಡಳಿ ಬೆಂಗಳೂರಿನ ಕೆರೆಗಳಿಗೆ ಹೇಳಿದ್ದು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿದೆ. ಬಿದ್ದುಹೋದ ಆದೇಶ ಬರೆದರೆ ಅರ್ಜಿಯ ತೂಕವೇ ಹೋಗುತ್ತದೆ. ನಾವು ಕೇಳುತ್ತಿರುವುದು ಇಷ್ಟೇ: ಪಹಣಿಯಲ್ಲಿ ಇರುವ ಬ ಖರಾಬನ್ನು ನಕಾಶೆಯಲ್ಲೂ ಹಳ್ಳ ಅಂತಲೇ ತೋರಿಸಿ. ಅಂಚಿನಲ್ಲಿ ಎಷ್ಟು ಜಾಗ ಬಿಡಬೇಕು ಅನ್ನುವುದನ್ನು ಈ ಕರಡಿನ ವಲಯ ನಿಯಮಾವಳಿಯೇ ಹೇಳುತ್ತದೆ. ಆದರೆ ಹಳ್ಳ ನಕಾಶೆಯಲ್ಲಿ ಇದ್ದರೆ ತಾನೇ ಆ ನಿಯಮ ಕೆಲಸ ಮಾಡುವುದು?

ಎಷ್ಟು ಜನಕ್ಕೆ ಎಷ್ಟು ಹಳದಿ

ಇಲ್ಲಿ ನಮ್ಮಲ್ಲೇ ಒಮ್ಮತ ಇಲ್ಲ. ಕರಡಿನ ಜನಸಂಖ್ಯೆ ಲೆಕ್ಕ ನಿಂತಿರುವುದು 2011ರ ಜನಗಣತಿಯ ಮೇಲೆ. ಬೇರೆ ದಾರಿಯೂ ಇರಲಿಲ್ಲ. 2021ರ ಗಣತಿ ಕೋವಿಡ್‌ನಲ್ಲಿ ನಿಂತುಹೋಯಿತು, ಮುಂದಿನದಕ್ಕೆ ಗೊತ್ತಾಗಿರುವ ದಿನ 2027ರ ಮಾರ್ಚ್ 1. ಹಳೇ ದಶಕಗಳ ಬೆಳವಣಿಗೆಯ ಶೇಕಡಾವಾರು ಹಿಡಿದು ಮುಂದಕ್ಕೆ ಎಳೆದಿದ್ದಾರೆ. ಬಂದ ಸಂಖ್ಯೆಯನ್ನು ಹೆಕ್ಟೇರಿಗೆ ಇಷ್ಟು ಜನ ಅಂತ ಭಾಗಿಸಿದ್ದಾರೆ. ಅಷ್ಟು ಹೆಕ್ಟೇರ್ ಹಳದಿ. ಲೆಕ್ಕ ತಪ್ಪಿಲ್ಲ. ಆದರೆ ನಮ್ಮಂಥ ಊರಲ್ಲಿ ಪಿಯುಸಿ ಮುಗಿದ ಮಕ್ಕಳು ಹಾಸನಕ್ಕೆ, ಅಲ್ಲಿಂದ ಬೆಂಗಳೂರಿಗೆ ಹೋಗುತ್ತಾರೆ. ಬೆಂಗಳೂರಿನವರು ಇಲ್ಲಿ ಸೈಟ್ ತೆಗೆದುಕೊಂಡು ಬಿಡುತ್ತಾರೆ. ಸೈಟು ಜಾಸ್ತಿ, ಜನ ಕಮ್ಮಿ.

ಮೇಷ್ಟ್ರು ವಾಕಿಂಗ್ ಹೋಗುವಾಗ ಈಗಿರುವ ಲೇಔಟ್‌ಗಳಲ್ಲಿ ಮನೆ ಎದ್ದ ಸೈಟು, ಖಾಲಿ ಸೈಟು ಗುರುತು ಹಾಕುತ್ತಿದ್ದಾರೆ. ಪೂರ್ತಿ ಆಗಿಲ್ಲ. ಆದರೂ ಇಲ್ಲಿವರೆಗೆ ಖಾಲಿಯದ್ದೇ ದೊಡ್ಡ ಪಾಲು, ಕಲ್ಲುಗಳ ನಡುವೆ ಪಾರ್ಥೇನಿಯಂ ಸೊಂಪಾಗಿದೆ. ಇದು ಮುಗಿಯದೆ ಹೊಸ ಹಳದಿ ಯಾಕೆ ಅನ್ನುವುದು ಅವರ ವಾದ.

ಸರ್ವೇಯರ್ ಒಪ್ಪುವುದಿಲ್ಲ. “ಆಲೂಗಡ್ಡೆಗೆ ಅಂಗಮಾರಿ ಬಂತು, ಶುಂಠಿ ರೇಟು ಬಿತ್ತು. ಸಾಲ ತೀರಿಸೋಕೆ ಅರ್ಧ ಎಕರೆ ಮಾರೋವ್ನಿಗೆ ಹಳದಿ ಅಂದ್ರೆ ಎರಡು ಪಟ್ಟು ದುಡ್ಡು. ಅದನ್ನ ತಪ್ಪಿಸೋಕೆ ನಾವ್ಯಾರು?” ಅಂತಾರೆ. ಸುಳ್ಳಲ್ಲ. ಆದರೆ ನನ್ನ ಅಂಗಡಿಗೆ ಬರುವ ಕಾಗದ ನೋಡಿದರೆ ಮಾರುವ ರೈತ ಎರಡು ಪಟ್ಟು ಕಂಡಿದ್ದು ಅಪರೂಪ. ಕರಡು ಬರುವ ಮೊದಲೇ ಅಗ್ರಿಮೆಂಟ್ ಮಾಡಿಸಿಕೊಂಡವರಿಗೆ ಅದು ಸಿಗುತ್ತದೆ. ಸದ್ಯಕ್ಕೆ ಹಳದಿ ಕಮ್ಮಿ ಮಾಡಿ ಅನ್ನುವ ಮಾತು ನಮ್ಮ ಅರ್ಜಿಯಲ್ಲಿಲ್ಲ. ಮೇಷ್ಟ್ರು ಬೇಕಾದರೆ ತಮ್ಮ ಹೆಸರಿನಲ್ಲಿ ಬೇರೆ ಕೊಡುತ್ತಾರೆ. ಖಾಲಿ ಸೈಟಿನ ಪಟ್ಟಿ ನಾನೇ ಟೈಪ್ ಮಾಡಿಕೊಡುತ್ತೇನೆ.

ಚಿಕ್ಕಪುಟ್ಟವು

ಹಳೇ ಪ್ಲಾನಿನಲ್ಲಿ ಸಂತೆ ಮಾಳದ ಹಿಂದೆ ಪಾರ್ಕ್ ಅಂತ ಹಸಿರು ಇತ್ತು. ಈಗ ಅದೂ ಹಳದಿ. ಕಾರಣ ಅದೇ 1961ರ ಕಾಯ್ದೆಯ ಸೆಕ್ಷನ್ 69ರಲ್ಲಿದೆ. ಪ್ಲಾನಿನಲ್ಲಿ ಪಾರ್ಕು, ಶಾಲೆ ಅಂತ ಗುರುತಿಸಿದ ಖಾಸಗಿ ಜಮೀನನ್ನು 5 ವರ್ಷದೊಳಗೆ ಕೊಂಡುಕೊಳ್ಳದಿದ್ದರೆ, ಸ್ವಾಧೀನದ ಕೆಲಸ ಶುರುವೂ ಆಗದಿದ್ದರೆ, ಆ ಗುರುತು ತಾನಾಗೇ ಬಿದ್ದುಹೋಗುತ್ತದೆ. ಹಸಿರು ಬಳಿಯುವುದು ಸುಲಭ, ದುಡ್ಡು ಇಡುವವರು ಯಾರು? ಈ ಸಲ ಪಾರ್ಕನ್ನು ಸರ್ಕಾರಿ ಗುಂಡುತೋಪಿನಲ್ಲೇ ತೋರಿಸಿ ಅಂತ ಕೇಳುತ್ತಿದ್ದೇವೆ. ಕೊಳ್ಳುವ ತಾಪತ್ರಯವೇ ಇಲ್ಲ.

ಪೇಟೆ ಬೀದಿ ಅಗಲೀಕರಣದ ಗೆರೆ ಬಗ್ಗೆ ಅಂಗಡಿಯವರು ತಾವೇ ಅರ್ಜಿ ಕೊಡುತ್ತಿದ್ದಾರೆ, ನಾವು ಕೈ ಹಾಕಿಲ್ಲ.

ಬೇಲೂರಿನ ಗೆಳೆಯರೊಬ್ಬರು ನಮ್ಮ ನಕಾಶೆ ನೋಡಿ ‘ನಿಮ್ಮದು ಹಳ್ಳ, ನಮ್ಮದು ಗೋಪುರ’ ಅಂದರು. ಅಲ್ಲಿ ಪುರಾತತ್ವ ಕಾಯ್ದೆಯ ಲೆಕ್ಕ ಬೇರೆ. ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ. 2023ರಲ್ಲಿ ಅಲ್ಲಿನ ಹೊಯ್ಸಳ ದೇವಸ್ಥಾನ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದ ಮೇಲೆ ಊರ ಮೇಲೆ ಕಣ್ಣೂ ಜಾಸ್ತಿ. ಬಿಡುವಾದಾಗ ಅವರಿಗೂ ಇದೇ ಥರ ನಕಾಶೆ ಕೂರಿಸಿಕೊಡುವ ಯೋಚನೆ ಇದೆ.

ಬಾಕಿ ಇರುವುದು

ಅರ್ಜಿಯ ನಮೂನೆ ಸಿದ್ಧ ಆಗಿದೆ. ‘ಕೆರೆ ಉಳಿಸಿ, ಪರಿಸರ ಉಳಿಸಿ’ ಅಂತ ಒಂದೇ ಉದ್ದನೆಯ ಮನವಿ ಬರೆಯುವುದನ್ನು ಕೈಬಿಟ್ಟಿದ್ದೇವೆ. ಅಂಥ ಮನವಿಗೆ ‘ಪರಿಗಣಿಸಲಾಗುವುದು’ ಅನ್ನುವ ಒಂದು ಸಾಲಿನಲ್ಲಿ ಉತ್ತರ ಮುಗಿಯುತ್ತದೆ. ಒಂದು ಸರ್ವೆ ನಂಬರಿಗೆ ಒಂದು ಅರ್ಜಿ. ಜೊತೆಗೆ ಪಹಣಿ, ಗ್ರಾಮ ನಕಾಶೆಯ ತುಣುಕು, ಕರಡಿನ ಅದೇ ತುಣುಕು, ಜಾಗದ ಫೋಟೋ. ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು ಪ್ರತಿಯೊಂದಕ್ಕೂ ಸೀಲು ಹಾಕಿದ ಸ್ವೀಕೃತಿ ಪಡೆಯಬೇಕು. ಬರೀ ಬಾಯಲ್ಲಿ ಹೇಳಿ ಬಂದರೆ ಅದು ಆಕ್ಷೇಪಣೆ ಅಲ್ಲ.

ತಂಗಿ ಮಗಳು ಹಳ್ಳದ ಕೆಳಭಾಗದ ಎರಡು ಗ್ರಾಮದ ನಕಾಶೆ ಇನ್ನೂ ಕೂರಿಸುತ್ತಿದ್ದಾಳೆ. ಪರೀಕ್ಷೆ ಇದೆ, ಅವಸರ ಮಾಡುವಂತಿಲ್ಲ.

ಈಗ ನಿಮ್ಮಿಂದ ಬೇಕಾದದ್ದು. 2018, 2019ರ ಆಗಸ್ಟ್ ಮಳೆ ನೆನಪಿರಬೇಕು. ಆಗ ಕೋಡಿ ಬಿದ್ದು ಪೂರ್ವದ ಬಡಾವಣೆ ಕಡೆ ನೀರು ನುಗ್ಗಿತ್ತು. ತುಂಬ ಜನ ಮೊಬೈಲಲ್ಲಿ ಫೋಟೋ, ವಿಡಿಯೋ ತೆಗೆದಿದ್ದರು. ವಾಟ್ಸಾಪಿನಲ್ಲಿ ಫಾರ್ವರ್ಡ್ ಆಗಿ ಬಂದದ್ದು ಬೇಡ, ಅದರಲ್ಲಿ ದಿನಾಂಕ ಉಳಿದಿರುವುದಿಲ್ಲ. ತೆಗೆದವರ ಫೋನು, ಮೆಮೊರಿ ಕಾರ್ಡು, ಹಳೇ ಕಂಪ್ಯೂಟರ್ ಯಾವುದರಲ್ಲಾದರೂ ಮೂಲ ಫೈಲ್ ಇದ್ದರೆ ಅಂಗಡಿಗೆ ತನ್ನಿ. ಕಾಪಿ ಮಾಡಿಕೊಂಡು ವಾಪಸ್ ಕೊಡುತ್ತೇನೆ. ನೀವು ಸ್ವಂತಕ್ಕೆ ಅರ್ಜಿ ಕೊಡುವುದಾದರೆ ಅದರ ಪ್ರಿಂಟಿಗೆ ದುಡ್ಡು ಬೇಡ. ಮಧ್ಯಾಹ್ನ ಊಟದ ಹೊತ್ತು ಬಿಟ್ಟು ಯಾವಾಗ ಬೇಕಾದರೂ ಬನ್ನಿ.