ಬಾಯಿಬಿಟ್ಟು ಹೇಳಲಾಗದವರ ನೋವು

ಮರೆವಿನ ಕಾಯಿಲೆಯ ಅಜ್ಜಿಗೆ "ನೋವಿದೆಯಾ?" ಅಂತ ಕೇಳಿದರೆ "ಇಲ್ಲಪ್ಪ" ಅಂದುಬಿಡಬಹುದು. ಬುದ್ಧಿ ಬೆಳವಣಿಗೆ ನಿಧಾನವಿರುವವರಿಗೆ ಆ ಪ್ರಶ್ನೆಯೇ ತಿಳಿಯದೆ ಇರಬಹುದು. ಹಾಗಾಗಿ ಸ್ನಾನ ಮಾಡಿಸುವಾಗ, ರವಿಕೆ ತೊಡಿಸುವಾಗ, ಮಗ್ಗುಲು ಬದಲಿಸುವಾಗ ಮುಖ ನೋಡಿ. ಅಲುಗಾಡದೆ ಮಲಗಿದ್ದಾಗ ಕೀಲುನೋವು ಎಷ್ಟೋ ಸಲ ಕಾಣುವುದೇ ಇಲ್ಲ.

ಮರೆವಿನ ಕಾಯಿಲೆಯವರ ನೋವನ್ನು ಅಳೆಯುವ ಪೈನ್‌ಆಡ್ (PAINAD) ಎಂಬ ಪಟ್ಟಿಯಲ್ಲಿ ನೋಡುವುದು ಐದು: ಉಸಿರಾಟ, ನರಳಾಟ, ಮುಖಭಾವ, ಮೈಬಿಗಿತ, ಸಂತೈಸಿದರೆ ಸಮಾಧಾನ ಆಗ್ತಾರಾ ಅನ್ನೋದು. ಒಂದೊಂದಕ್ಕೆ 0ಯಿಂದ 2, ಒಟ್ಟು 10. ನನ್ನ ಮಟ್ಟಿಗೆ ಅಂಕಿಗಿಂತ ನಿನ್ನೆಗೂ ಇವತ್ತಿಗೂ ಆದ ಬದಲಾವಣೆಯೇ ದೊಡ್ಡದು.

ನಮ್ಮ ಕೋಲಾರ ಸೀಮೆಯಲ್ಲಿ ಹಲ್ಲುನೋವು ಸುಲಭವಾಗಿ ತಪ್ಪಿಸಿಕೊಳ್ಳುತ್ತೆ. ಮುದ್ದೆ ನುಂಗುವುದೇ ಹೊರತು ಅಗಿಯುವುದಲ್ಲವಲ್ಲ! ರೊಟ್ಟಿಯ ಒಂದು ಚೂರು ಕೊಟ್ಟು, ಒಂದೇ ದವಡೆಯಲ್ಲಿ ಅಗಿಯುತ್ತಾರಾ ನೋಡಿ. ಫ್ಲೋರೈಡ್ ಹೆಚ್ಚಿರುವ ಬೋರ್‌ವೆಲ್ ನೀರನ್ನು ವರ್ಷಗಟ್ಟಲೆ ಕುಡಿದವರಿಗೆ ಬೆನ್ನು, ಮಂಡಿ ಬಿಗಿದಿರಬಹುದು. ಡಾಕ್ಟರಿಗೆ ಇದನ್ನೂ ಹೇಳಿ. ಮಲಬದ್ಧತೆ, ಮೂತ್ರ ಕಟ್ಟಿರುವುದು, ಕಿವಿ, ಕಾಲುಗುರು ಕೂಡ ನೋಡಲೇಬೇಕು.

ಕಿರುಚಾಡಿದರೆಂದು ಮೊದಲೇ ನಿದ್ದೆ ಮಾತ್ರೆ ಕೊಡುವುದು ದೊಡ್ಡ ತಪ್ಪು: ಸದ್ದಡಗುತ್ತೆ, ನೋವು ಉಳಿಯುತ್ತೆ. ಡಾಕ್ಟರು ಪ್ಯಾರಾಸಿಟಮಾಲ್ ಬರೆದರೆ "ಕೇಳಿದಾಗ ಕೊಡೋಣ" ಅನ್ನಬೇಡಿ, ಅವರು ಕೇಳುವುದಿಲ್ಲ. ಹೊತ್ತಿಗೆ ಸರಿಯಾಗಿ ಕೊಟ್ಟು, ಒಂದು ಗಂಟೆ ಬಿಟ್ಟು ಮತ್ತೆ ಅಂಕಿ ಹಾಕಿ. ವಯಸ್ಕರಿಗೆ ದಿನಕ್ಕೆ 4 ಗ್ರಾಂ ಮೇರೆ. 50 ಕೆಜಿಗಿಂತ ಕಡಿಮೆ ತೂಕದವರಿಗೆ, ಲಿವರ್ ತೊಂದರೆಯವರಿಗೆ ಇನ್ನೂ ಕಡಿಮೆ. ಶೀತದ ಎಷ್ಟೋ ಮಾತ್ರೆಗಳಲ್ಲೂ ಅದೇ ಔಷಧಿ ಇರುತ್ತೆ, ಲೆಕ್ಕಕ್ಕೆ ಸೇರಿಸಿ. ಟ್ರಮಡಾಲ್ ಎಂಬ ಇನ್ನೂ ಬಲವಾದ ನೋವಿನ ಔಷಧಿ ಶುರುವಾದರೆ ಮಲಬದ್ಧತೆಗೂ ಅವತ್ತೇ ಔಷಧಿ ಕೇಳಿ.